ತಲೆ ಹೊರಗಿದ್ದ ಮೊಳೆಗಳು

ಸೆಂಟ್ರಿಂಗ್ ಕೆಲಸದವನು ಮೊಳೆಯನ್ನು ಪೂರ್ತಿ ಹೊಡೆಯುವುದಿಲ್ಲ. ಸ್ಲ್ಯಾಬ್ ಹಾಕುವ ಮೊದಲು ಕಂಬ ನಿಲ್ಲಿಸಿ, ಹಲಗೆ ಜೋಡಿಸಿ, ಕಾಂಕ್ರೀಟಿಗೆ ಅಚ್ಚು ಕಟ್ಟುವುದು ನಮ್ಮ ಕೆಲಸ. ಕಾಂಕ್ರೀಟು ಗಟ್ಟಿಯಾದ ಮೇಲೆ ಅದನ್ನೆಲ್ಲ ಬಿಚ್ಚಿ ಒಯ್ಯುವುದೂ ನಮ್ಮದೇ ಕೆಲಸ. ಅದಕ್ಕಾಗಿ ಮೊಳೆಯ ತಲೆಯನ್ನು ಬೆರಳಿನ ದಪ್ಪದಷ್ಟು ಹೊರಗೆ ಬಿಡುತ್ತೇವೆ. ಸುತ್ತಿಗೆಯ ಹಿಂದಿನ ಕೊಕ್ಕೆಯನ್ನು ತಲೆಗೆ ಸಿಕ್ಕಿಸಿ ಒಮ್ಮೆ ಮೀಟಿದರೆ ಬಂದುಬಿಡಬೇಕು. ತಲೆಮಟ ಹೊಡೆದವನನ್ನು ಮೇಸ್ತ್ರಿ ಬಯ್ಯುತ್ತಾನೆ. ಹಲಗೆ ಸೀಳುತ್ತದೆ, ಬಿಚ್ಚುವಾಗ ಹೊತ್ತು ಹಾಳು. ನಾನು ಮೀಸೆ ಬರುವ ಮೊದಲಿನಿಂದ ಇದೇ ಕೆಲಸ ಮಾಡಿದವನು. ನಾನು ಹೊಡೆದ ಮೊಳೆ ಯಾವುದೂ ಹೊಡೆದ ಜಾಗದಲ್ಲಿ ಬಹಳ ದಿನ ಉಳಿದಿಲ್ಲ.

ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅಕ್ಕನ ಕೋಳಿಗೂಡಿನ ಚಾವಣಿಗೆ ಮೊಳೆ ಹೊಡೆದವನು ನಾನು. ಅಕ್ಕ ಅದರ ಕೆಳಗೆ ನಿಂತಿದ್ದಾಗ ಅದು ಹಾರಿತು.

ನಾವು ರಾಯಚೂರು ಕಡೆಯವರು. ಅಪ್ಪ ಅವ್ವ ಇಬ್ಬರೂ ಬೇಗ ಹೋದರು. ಅಕ್ಕ, ಭಾವ ದುಡಿಯಲು ಹೈದರಾಬಾದಿಗೆ ಬಂದಾಗ ನನ್ನನ್ನೂ ಕರೆದುಕೊಂಡು ಬಂದರು. ನನ್ನ ಶಾಲೆ ನಾಲ್ಕನೇ ಇಯತ್ತೆಗೆ ನಿಂತಿತು. ಭಾವ ಕಾಮಾಲೆಯಾಗಿ ತೀರಿಕೊಂಡ. ಅವರಿಗೆ ಮಕ್ಕಳಿರಲಿಲ್ಲ. ಅಕ್ಕ ತಲೆಯ ಮೇಲೆ ಕಾಂಕ್ರೀಟಿನ ಬುಟ್ಟಿ ಹೊತ್ತು ಮಹಡಿ ಮಹಡಿ ಹತ್ತಿದಳು. ನನಗೆ ಮಾತ್ರ ಬುಟ್ಟಿ ಹೊರಲು ಬಿಡಲಿಲ್ಲ. 'ಹೊರೋ ಕೆಲಸ ಬ್ಯಾಡ, ಕೈಗೆಲಸ ಕಲಿ' ಎಂದು ಸೆಂಟ್ರಿಂಗ್ ಮೇಸ್ತ್ರಿಯ ಕೈಗೆ ಒಪ್ಪಿಸಿದಳು. ಕೊನೆಗೆ ಅವಳ ಕುತ್ತಿಗೆಯ ನರ ಹಿಡಿದುಕೊಂಡಿತು. ಇನ್ನು ತಲೆಯ ಮೇಲೆ ಏನೂ ಹೊರಬಾರದು ಎಂದು ದವಾಖಾನೆಯಲ್ಲಿ ಹೇಳಿದರು. ಆಮೇಲೆ ಅವಳು ಕೋಳಿ ಸಾಕತೊಡಗಿದ್ದು.

ಈಗ ನಾವಿರುವುದು ಶಂಶಾಬಾದಿನ ಹೊರಗೆ, ಹೆದ್ದಾರಿಯಿಂದ ಒಳಕ್ಕೆ, ಸುತ್ತ ಗೋಡೆ ಹಾಕಿದ ಒಂದು ಖಾಲಿ ಪ್ಲಾಟಿನಲ್ಲಿ. ಪ್ಲಾಟಿನ ಸಾಹೇಬರು ಮೆಹದಿಪಟ್ಟಣಂನಲ್ಲಿ ಇರುತ್ತಾರೆ. ಜಾಗ ಕಾಯುವುದಕ್ಕೆ ಮೂಲೆಯಲ್ಲಿ ಒಂದು ಕೋಣೆ ಕೊಟ್ಟಿದ್ದಾರೆ. ಕೋಣೆಗೆ ಸಿಮೆಂಟಿನ ಇಟ್ಟಿಗೆಯ ಗೋಡೆ, ಮೇಲೆ ಹಳೆಯ ತಗಡು, ತಗಡು ಹಾರದಿರಲೆಂದು ಅದರ ಮೇಲೆ ಹೇರಿದ ಕಲ್ಲುಗಳು. ಆಚೆ ಹೊಸ ಮನೆಗಳ ಕಾಲೊನಿ ಎದ್ದಿದೆ. ಅಲ್ಲಿಯ ಹೆಣ್ಣುಮಕ್ಕಳು ನಾಟಿ ಕೋಳಿಯ ಮೊಟ್ಟೆಗೆ ಬೆಳಿಗ್ಗೆಯೇ ಬಂದು ಗೇಟು ಬಡಿಯುತ್ತಾರೆ. ಅಕ್ಕ ಅವರೊಂದಿಗೆ ತೆಲುಗಿನಲ್ಲಿ ಮಾತಾಡಿ, ಅವರು ಹೋದ ಮೇಲೆ ಕೋಳಿಗಳೊಂದಿಗೆ ಕನ್ನಡದಲ್ಲಿ ಮಾತಾಡುತ್ತಾಳೆ.

ಮೊದಲ ಗೂಡನ್ನು ನಾವು ಬುದ್ಧಿಯಿಲ್ಲದೆ ಕಟ್ಟಿದ್ದೆವು. ನಾಯಿ ನುಗ್ಗಬಾರದು ಎಂಬ ಒಂದೇ ಯೋಚನೆ. ನಾಲ್ಕೂ ಕಡೆ ತಗಡು, ಮೇಲೂ ತಗಡು, ಸೊಂಟದೆತ್ತರ, ಕೈ ಹೋಗುವಷ್ಟು ಬಾಗಿಲು. ಬೇಸಿಗೆಯ ಒಂದು ಮಧ್ಯಾಹ್ನ ಸೈಟಿನಿಂದ ಬೇಗ ಬಂದೆ. ಅಕ್ಕ ಕಾಲೊನಿಯಿಂದ ಆಗಷ್ಟೇ ಬಂದು ಬಿಸಿಲೆಂದು ನೆರಳಿಗೆ ಕೂತಿದ್ದಳು. ಗೂಡಿನೊಳಗೆ ಸದ್ದೇ ಇರಲಿಲ್ಲ. ಅಕ್ಕ ಬಾಗಿಲು ತೆರೆದು ಕೈ ಹಾಕಿದವಳು ಹಾಗೇ ಹಿಂದಕ್ಕೆ ಎಳೆದುಕೊಂಡಳು.

"ಒಲಿ ಇದ್ದಂಗ ಐತಲ್ಲೋ!"

ಕೊಕ್ಕು ತೆರೆದುಕೊಂಡು, ರೆಕ್ಕೆ ಮೈಯಿಂದ ದೂರ ಚಾಚಿಕೊಂಡು, ಒಂದರ ಮೇಲೊಂದು ಬಿದ್ದಿದ್ದವು. ಕೆಲವು ನೀರು ಹಾಕಿದ ಮೇಲೆ ಕಣ್ಣು ಬಿಟ್ಟವು. ಹೆಚ್ಚಿನವು ಬಿಡಲಿಲ್ಲ. ಅಕ್ಕ ಸತ್ತ ಕೋಳಿಗಳನ್ನು ಯಾರಿಗೂ ಮಾರಲಿಲ್ಲ, ನಾವೂ ತಿನ್ನಲಿಲ್ಲ. ಗೋಡೆಯ ಬುಡದಲ್ಲಿ ಹೂತಳು. 'ಬೇಯಿಸಿ ಕೊಂದೆ' ಎಂದು ಒಂದು ವಾರ ತನ್ನಷ್ಟಕ್ಕೆ ತಾನೇ ಅಂದುಕೊಂಡಳು. ಇನ್ನು ಬುಟ್ಟಿ ಹೊರಲು ಕುತ್ತಿಗೆ ಇಲ್ಲ, ಕೋಳಿಯೂ ಇಲ್ಲದಿದ್ದರೆ ಅವಳು ಈ ಊರಿನಲ್ಲಿ ಏನು ಮಾಡುತ್ತಾಳೆ ಎಂಬುದು ನನ್ನ ಭಯ.

ಎರಡನೆಯ ಗೂಡಿನ ಯೋಜನೆ ಪೂರ್ತಿ ಅಕ್ಕನದು. ಅವಳಿಗೆ ಓದು ಬರಹ ಬರುವುದಿಲ್ಲ. ಅವಳ ಅಳತೆಗೋಲು ಅವಳ ಮೈ. ಬಿಸಿಲು ನೆತ್ತಿಗೆ ಬಂದಾಗ ಪ್ಲಾಟಿನ ಒಂದೊಂದು ಮೂಲೆಗೆ ಹೋಗಿ ನೆಲಕ್ಕೆ ಕೂರುತ್ತಿದ್ದಳು. ಬೆವರಿದ ಜಾಗ ಬೇಡ ಎನ್ನುತ್ತಿದ್ದಳು. ಗೋಡೆಯ ಪಕ್ಕ ಕೂತು, 'ಗ್ವಾಡಿ ಕಾದು ಬೆನ್ನು ಸುಡತೈತಿ, ಇಲ್ಲಿ ಬ್ಯಾಡ' ಎಂದಳು. ಕೊನೆಗೆ ಬೇವಿನ ಮರದ ಪೂರ್ವಕ್ಕೆ, ಮಧ್ಯಾಹ್ನದ ಮೇಲೆ ನೆರಳು ಬೀಳುವಲ್ಲಿ, ಕೂತವಳು ಅಲ್ಲೇ ಮಲಗಿ ನಿದ್ದೆ ಹೋದಳು. ಎದ್ದು, "ಇಲ್ಲೇ" ಎಂದಳು.

"ನನಗ ನಿದ್ದಿ ಬಂದಲ್ಲಿ ಕೋಳಿಗೂ ನಿದ್ದಿ ಬರತೈತಿ. ಎತ್ತರ ಕಟ್ಟೂಣು. ನಾ ಒಳಗ ನಿಂತ್ರ ತಲಿ ಮ್ಯಾಲ ಕೈ ಎತ್ತಾಕ ಬರಬೇಕು."

"ಕೋಳಿಗೋ ನಿನಗೋ ಮನಿ?"

"ಇಬ್ಬರಿಗೂ. ನಿನಗಂತೂ ಅಲ್ಲ, ಹೋಗು."

ನೆಲಕ್ಕೆ ಮಳೆ ನೀರು ನುಗ್ಗದಂತೆ ಮಣ್ಣು ಏರಿಸಿ ಕಟ್ಟೆ ಮಾಡಿದೆವು. ನಾಲ್ಕು ಮೂಲೆಗೆ ಸರ್ವೆ ಕಂಬ ಹೂಳಿ ಬುಡಕ್ಕೆ ಕಾಂಕ್ರೀಟು ಹಾಕಿದೆ. ಮೊಣಕಾಲಿನವರೆಗೆ ಇಟ್ಟಿಗೆ, ಅದರ ಮೇಲೆ ಚಾವಣಿಯವರೆಗೆ ಬರೀ ತಂತಿ ಜಾಳಿಗೆ. ಗಾಳಿ ಯಾವ ಕಡೆಯಿಂದ ಬಂದರೂ ಒಳಗೆ ಹಾದು ಆಚೆ ಹೋಗಬೇಕು. ಚಾವಣಿಗೆ ಅಡ್ಡಡ್ಡ ಮರದ ಪಟ್ಟಿ, ಪಟ್ಟಿಗಳ ಮೇಲೆ ತಗಡು, ತಗಡು ಕಾಯದಿರಲಿ ಎಂದು ಅದರ ಮೇಲೆ ತಾಳೆಗರಿಯ ಹೊದಿಕೆ.

ಇಲ್ಲಿಯೇ ನನಗೆ ಹೆದರಿಕೆ ಹುಟ್ಟಿದ್ದು. ನಾಲ್ಕೂ ಕಡೆ ತೆರೆದ ಗೂಡಿನೊಳಗೆ ಗಾಳಿ ಹೊಕ್ಕರೆ ಅದು ಹೋಗುವುದು ಮೇಲಕ್ಕೆ. ತಗಡನ್ನು ಒಳಗಿನಿಂದ ಎತ್ತುತ್ತದೆ. ಸೆಕೆಗೆ ಒಳ್ಳೆಯದಾದದ್ದು ಬಿರುಗಾಳಿಗೆ ಕೆಟ್ಟದ್ದು. ಬೇಸಿಗೆ ಮುಗಿಯುವ ಹೊತ್ತಿಗೆ ಇಲ್ಲಿ ಬರುವ ಗಾಳಿ ಎಂಥದ್ದೆಂದು ಸೈಟುಗಳಲ್ಲಿ ನೋಡಿದ್ದೇನೆ. ಆಳೆತ್ತರದ ಹಲಗೆಗಳನ್ನು ಕಾಗದದ ಹಾಗೆ ಮಹಡಿಯಿಂದ ಎತ್ತಿ ಒಗೆದದ್ದನ್ನು ಕಂಡಿದ್ದೇನೆ.

"ಅಕ್ಕಾ, ಪಡುವಣ ಕಡಿ ಅರ್ಧ ಮುಚ್ಚೂಣು. ಗಾಳಿ ಒಳಗ ಹೊಕ್ಕರ ಚಾವಣಿ ಎತ್ತತೈತಿ."

"ಮುಚ್ಚಿದ್ರ ಮತ್ತ ಒಲಿ ಆಗತೈತಿ."

"ಗಾಳಿ ಬಂದ್ರ?"

"ನೀ ಗಾಳಿಗಿ ಅಂಜತಿ, ಸಿಡ್ಲಿಗಿ ಅಂಜತಿ, ಬೆಕ್ಕಿಗೂ ಅಂಜತಿ. ನಿನಕಿಂತ ಈ ಹೇಂಟಿಗೆ ಧೈರ್ಯ ಐತಿ ನೋಡು. ಗಟ್ಯಾಗಿ ಮೊಳಿ ಹೊಡಿ, ಸಾಕು."

ಅವಳು ಹೇಳಿದ್ದು ಸರಿಯೇ ಇತ್ತು. ಗಟ್ಟಿಯಾಗಿ ಮೊಳೆ ಹೊಡೆದಿದ್ದರೆ ಸಾಕಿತ್ತು.

ನಾನು ಮೇಲೆ ಹತ್ತಿ ತಗಡು ಹೊಂದಿಸಿ ಹೊಡೆಯುತ್ತಾ ಹೋದೆ. ಕೈ ತನ್ನ ಪಾಡಿಗೆ ತಾನು ಹೊಡೆಯುತ್ತಿತ್ತು. ಕೊನೆಯ ಸಾಲಿಗೆ ಬಂದಾಗ ಹಿಂತಿರುಗಿ ನೋಡಿದೆ. ಎಲ್ಲಾ ಮೊಳೆಗಳೂ ತಲೆ ಎತ್ತಿಕೊಂಡು ನಿಂತಿದ್ದವು. ಸೆಂಟ್ರಿಂಗಿಗೆ ಹೊಡೆದ ಹಾಗೆಯೇ ಹೊಡೆದಿದ್ದೆ. ತಗಡನ್ನು ಅಂಗೈಯಿಂದ ಒತ್ತಿದರೆ ಕೆಳಗೆ ಹೋಗುತ್ತಿತ್ತು, ಬಿಟ್ಟರೆ ಮೊಳೆಯ ತಲೆಯವರೆಗೆ ಮೇಲೆ ಬರುತ್ತಿತ್ತು.

ಆಗ ನನಗೆ ಅದು ತಪ್ಪೆಂದು ಗೊತ್ತಿರಲಿಲ್ಲ ಎಂದರೆ ಸುಳ್ಳು. ಗೊತ್ತಿತ್ತು. ಆದರೆ ಬಿಸಿಲಿಗೆ ತಗಡು ಕಾದು ಮಂಡಿ ಸುಡುತ್ತಿತ್ತು. ಸಾಹೇಬರು ನಾಳೆ ಜಾಗ ಬಿಡಿ ಎಂದರೆ ತಗಡು ಬಿಚ್ಚಿ ಒಯ್ಯಲು ಸುಲಭ ಎಂದು ನನಗೆ ನಾನೇ ಒಂದು ಕಾರಣ ಹೇಳಿಕೊಂಡೆ. ಮಳೆಗಾಲದೊಳಗೆ ಯಾವಾಗಲಾದರೂ ಹತ್ತಿ ತಲೆಮಟ ಹೊಡೆದರಾಯಿತು ಎಂದು ಇನ್ನೊಂದು ಕಾರಣ. ತಾಳೆಗರಿ ಹೊದಿಸಿದ ಮೇಲೆ ಮೊಳೆಗಳು ಕಾಣದಾದವು.

ಇಳಿದಾಗ ಅಕ್ಕ ಕೆಳಗೆ ಚಹಾ ಹಿಡಿದು ನಿಂತಿದ್ದಳು.

"ಪೂರಾ ಹೊಡದಿಯಿಲ್ಲೋ?"

"ಹೊಡದೀನಿ."

"ಹಾರಂಗಿಲ್ಲಲ?"

"ಹಾರಿದ್ರ ನಮ್ಮ ಮನಿ ಹಾರಬೇಕು, ಇದು ಹಾರಂಗಿಲ್ಲ."

ಈ ಮಾತು ಯಾಕೆ ಆಡಿದೆನೋ. ಚಹಾ ಬಿಸಿಯಿತ್ತು, ಅವಳ ಮುಖದಲ್ಲಿ ಖುಷಿಯಿತ್ತು. ಬಹಳ ದಿನದ ಮೇಲೆ ಖುಷಿ ನೋಡಿದ್ದೆ. ಅವಳು ಒಳಗೆ ಹೋಗಿ ನಿಂತು, ಕೈ ಮೇಲೆತ್ತಿ, ತಗಡಿಗೆ ಬೆರಳು ತಾಗುತ್ತದೋ ಎಂದು ನೋಡಿದಳು. ತಾಗಲಿಲ್ಲ. ಆಮೇಲೆ ಮಧ್ಯಾಹ್ನದ ಹೊತ್ತು ಅವಳು ಕೋಣೆಯಲ್ಲಿ ಇರುವುದನ್ನೇ ಬಿಟ್ಟಳು. ಅಕ್ಕಿ ಆರಿಸುವುದು, ಸೊಪ್ಪು ಬಿಡಿಸುವುದು, ಮಲಗುವುದು ಎಲ್ಲ ಕೋಳಿಗಳ ನಡುವೆ. ಕಾಲೊನಿಯ ಹೆಣ್ಣುಮಕ್ಕಳಿಗೆ ಗೂಡಿನ ಕಂಬ ತಟ್ಟಿ ತೋರಿಸುತ್ತಿದ್ದಳು. ನನ್ನ ತಮ್ಮ ಕಟ್ಟಿದ್ದು, ಈ ಪ್ಲಾಟಿನಲ್ಲಿ ಇದಕ್ಕಿಂತ ಗಟ್ಟಿ ಯಾವುದೂ ಇಲ್ಲ ಎನ್ನುತ್ತಿದ್ದಳು. ನನಗೆ ಕೇಳಿಸುತ್ತಿತ್ತು. ಪ್ರತಿ ರಜೆಗೂ ಈ ಸಲ ಹತ್ತುತ್ತೇನೆ ಅಂದುಕೊಳ್ಳುತ್ತಿದ್ದೆ. ಪ್ರತಿ ರಜೆಗೂ ಮಲಗಿಬಿಡುತ್ತಿದ್ದೆ. ಗಾಳಿ ಸ್ವಲ್ಪ ಬೀಸಿದರೂ ಎಚ್ಚರವಾಗಿ ತಗಡಿನ ಸದ್ದಿಗೆ ಕಿವಿ ಕೊಡುತ್ತಿದ್ದೆ. ಸಣ್ಣಗೆ 'ಟಕ್' ಎನ್ನುತ್ತಿತ್ತು. ತಗಡು ಮೇಲೆದ್ದು ಮೊಳೆಯ ತಲೆಗೆ ತಾಗುವ ಸದ್ದು. ಗಾಳಿ ನಿಂತ ಮೇಲೆ ಹೆದರಿಕೆಯೂ ನಿಲ್ಲುತ್ತಿತ್ತು, ಏಣಿ ಹತ್ತುವ ಮನಸ್ಸೂ ನಿಲ್ಲುತ್ತಿತ್ತು.

ಆ ದಿನ ಸೈಟಿಗೆ ರಜೆ. ಊಟ ಮಾಡಿ ಕೋಣೆಯಲ್ಲಿ ಬಿದ್ದುಕೊಂಡಿದ್ದೆ. ಸೆಕೆ ಎಷ್ಟಿತ್ತೆಂದರೆ ಬೇವಿನ ಎಲೆ ಒಂದೂ ಅಲುಗುತ್ತಿರಲಿಲ್ಲ. ನಮ್ಮ ತಲೆಯ ಮೇಲೆ ಇಡೀ ದಿನ ವಿಮಾನಗಳು ಇಳಿಯುತ್ತಿರುತ್ತವೆ. ಆ ಸದ್ದು ನಿಂತದ್ದು ನನಗೆ ಮೊದಲು ಗೊತ್ತಾಯಿತು. ಎದ್ದು ಬಾಗಿಲಿಗೆ ಬಂದೆ. ಪಡುವಣದ ಆಕಾಶ ಇಟ್ಟಿಗೆ ಪುಡಿಯ ಬಣ್ಣಕ್ಕೆ ತಿರುಗಿತ್ತು. ಅಕ್ಕ ಅಂಗಳದಲ್ಲಿ ಹೊರಗಿದ್ದ ಕೋಳಿಗಳನ್ನು 'ಬಾ ಬಾ ಬಾ' ಎಂದು ಗೂಡಿಗೆ ಕರೆಯುತ್ತಿದ್ದಳು.

ಗಾಳಿ ಮೆಲ್ಲಗೆ ಶುರುವಾಗಿ ಬಲವಾದದ್ದಲ್ಲ. ಒಮ್ಮೆಲೇ ಬಂದು ಗೋಡೆಯ ಹಾಗೆ ಬಡಿಯಿತು. ಕಣ್ಣಿಗೆ, ಬಾಯಿಗೆ ಮಣ್ಣು. ನಮ್ಮ ಕೋಣೆಯ ಮೇಲಿನ ಕಲ್ಲೊಂದು ಉರುಳಿ ನನ್ನ ಮುಂದೆಯೇ ಅಂಗಳಕ್ಕೆ ಬಿತ್ತು. ಅಕ್ಕ ಕೋಣೆಯ ಕಡೆ ಓಡಿ ಬರುತ್ತಿದ್ದವಳು ಅದನ್ನು ನೋಡಿ ನಿಂತಳು. ಇನ್ನೊಂದು ಕಲ್ಲು ಬಿತ್ತು. ಅವಳು ತಿರುಗಿ ಗೂಡಿಗೆ ಓಡಿದಳು. ಒಳಗೆ ಹೋಗಿ ಜಾಳಿಗೆಯ ಬಾಗಿಲು ಹಾಕಿಕೊಂಡು ಅಲ್ಲಿಂದ ಕೂಗಿದಳು.

"ತಮ್ಮಾ! ಆ ಮನಿ ಬಿಟ್ಟು ಬಾರೋ! ಕಲ್ಲು ಬೀಳಾಕತ್ಯಾವ! ಇಲ್ಲಿ ಬಾ, ಇದು ಅಳ್ಳಾಡಂಗಿಲ್ಲ!"

ನಾನು ಹೊಸ್ತಿಲ ಮೇಲೆ ನಿಂತಿದ್ದೆ. ಗೂಡಿನ ಚಾವಣಿಯ ಸದ್ದು ಕೇಳಿಸುತ್ತಿತ್ತು. ಈಗ ಅದು ಸಣ್ಣ ಸದ್ದಾಗಿರಲಿಲ್ಲ. ತಗಡು ಎದ್ದು ಬಿದ್ದು, ಎದ್ದು ಬಿದ್ದು ಮೊಳೆಗಳನ್ನು ಕೆಳಗಿನಿಂದ ಬಡಿಯುತ್ತಿತ್ತು. ಮೊಳೆ ಕೀಳುವುದೇ ನನ್ನ ಕೆಲಸ. ಎಷ್ಟು ಬಡಿತಕ್ಕೆ ಬರುತ್ತದೆಂದು ಕೈಗೆ ಗೊತ್ತು.

'ಹೊರಗ ಬಾ' ಎಂದು ಕೂಗಬೇಕಿತ್ತು. ಅಷ್ಟೇ ಸಾಕಿತ್ತು. ಬಾಯಿ ತೆರೆದೆ. ಯಾಕೆ ಎಂದು ಕೇಳಿದರೆ ಏನು ಹೇಳಲಿ ಎಂಬ ಯೋಚನೆ ಬಂತು. ಅಂಥ ಹೊತ್ತಿನಲ್ಲೂ ಆ ಯೋಚನೆ ಬಂತು. ಅಷ್ಟರಲ್ಲಿ ಬೇವಿನ ಕೊಂಬೆ ಮುರಿದು ನಡುವೆ ಬಿತ್ತು, ಮಿಂಚು ಹೊಡೆಯಿತು. ಅಕ್ಕ ಮತ್ತೆ ಕೂಗಿದಳು. ನಾನು ಒಳಗೆ ಸರಿದು ಬಾಗಿಲು ಹಾಕಿಕೊಂಡೆ. ಎರಡೂ ಕೈಯಿಂದ ಚಿಲಕ ಹಿಡಿದು, ಹಣೆಯನ್ನು ಬಾಗಿಲಿಗೆ ಒತ್ತಿ ನಿಂತೆ. ನನ್ನ ತಲೆಯ ಮೇಲೆ ಕಲ್ಲುಗಳು ಹೊರಳುತ್ತಿದ್ದವು. ಆದರೂ ಆ ಕೋಣೆ ನನಗೆ ಗೂಡಿಗಿಂತ ಗಟ್ಟಿ ಎನಿಸಿತು. ಅದು ನನಗೊಬ್ಬನಿಗೇ ಗೊತ್ತಿತ್ತು.

ಮೊದಲ ತಗಡು ಹೋದ ಸದ್ದು ಕೇಳಿಸಿತು. ಆಮೇಲೆ ಇನ್ನೊಂದು. ಒಂದು ತಗಡು ಅಂಗಳದಲ್ಲಿ ಚಕ್ರದಂತೆ ಉರುಳಿ ಬಂದು ನಮ್ಮ ಗೋಡೆಗೆ ಬಡಿಯಿತು. ಅಕ್ಕನ ದನಿ ಒಂದೇ ಸಲ ಕೇಳಿಸಿತು. ನನ್ನನ್ನು ಕರೆದದ್ದಲ್ಲ. 'ಅವ್ವಾ' ಎಂದದ್ದು. ಆಮೇಲೆ ಆಲಿಕಲ್ಲು ಬಿದ್ದು ಬೇರೇನೂ ಕೇಳಿಸಲಿಲ್ಲ.

ಗಾಳಿ ಇಳಿದ ಮೇಲೆ ಹೊರಗೆ ಬಂದೆ. ಇಳಿಯುವ ಮೊದಲು ಬರಲಿಲ್ಲ.

ಗೂಡಿನ ಕಂಬಗಳು ನಿಂತಿದ್ದವು. ಜಾಳಿಗೆ ನಿಂತಿತ್ತು. ಚಾವಣಿಯಲ್ಲಿ ಆಚೆ ಮೂಲೆಯ ತಗಡು ಮಾತ್ರ ಇತ್ತು. ನಡುವಿನದೊಂದು ಒಂದೇ ಮೊಳೆಗೆ ಜೋತಾಡುತ್ತಾ ಒಳಕ್ಕೆ ಇಳಿಬಿದ್ದಿತ್ತು. ಅದರ ಅಂಚು ಅಕ್ಕನಿಗೆ ಬಡಿದಿತ್ತು. ಅವಳು ಇಟ್ಟಿಗೆಯ ಸಾಲಿಗೆ ಒರಗಿ ಕೂತಿದ್ದಳು. ಸೆರಗಿನೊಳಗೆ ಕೋಳಿಗಳು. ಬಲಗೈಯನ್ನು ಬೇರೆ ಯಾರದೋ ಎಂಬಂತೆ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಮಣಿಕಟ್ಟಿನ ಕೆಳಗೆ ಅಡ್ಡಕ್ಕೆ ಸೀಳಿತ್ತು. ಮಳೆ ನೀರು ರಕ್ತವನ್ನು ತೊಳೆಯುತ್ತಲೇ ಇತ್ತು, ರಕ್ತ ಬರುತ್ತಲೇ ಇತ್ತು. ನನ್ನನ್ನು ನೋಡಿ ಅವಳು ಹೇಳಿದ್ದು ಇಷ್ಟೇ:

"ನೀ ಬರಲಿಲ್ಲ, ಛಲೋ ಆತು. ಬಂದಿದ್ರ ನಿನಗೂ ಬಡೀತಿತ್ತು."

ಟವೆಲು ಬಿಗಿದು ಆಟೋದಲ್ಲಿ ಸರ್ಕಾರಿ ದವಾಖಾನೆಗೆ ಒಯ್ದೆ. ಹೊಲಿಗೆ ಹಾಕಿದರು. ಒಳಗಿನ ನರ ಕಡಿದಿದೆ, ಎರಡು ಬೆರಳು ಮಡಚಲು ಬರಲಿಕ್ಕಿಲ್ಲ ಎಂದರು. ಅವಳನ್ನು ಅಲ್ಲಿಯೇ ಇರಿಸಿಕೊಂಡರು. ಪಕ್ಕದ ಮಂಚದವಳಿಗೆ ಅಕ್ಕ ತನ್ನ ಹರಕು ಹಿಂದಿಯಲ್ಲಿ ಗೂಡಿನ ಕಥೆ ಹೇಳುತ್ತಿದ್ದಳು. ನನ್ನ ತಮ್ಮ ಒಂದೊಂದು ಮೊಳೆಯನ್ನೂ ಪೂರ್ತಿ ಹೊಡೆದಿದ್ದ, ಆದರೂ ಹಾರಿತು, ಅಂಥ ಗಾಳಿ ಅದು ಎನ್ನುತ್ತಿದ್ದಳು. ಆ ಹೆಂಗಸು ನನ್ನ ಕಡೆ ನೋಡಿ ಅಯ್ಯೋ ಪಾಪ ಎಂದಳು. ನಾನು ಹೊರಗೆ ಬಂದು ನಲ್ಲಿಯ ಹತ್ತಿರ ಕೂತೆ.

ಇನ್ನು ಬರೆಯುವುದನ್ನು ಬರೆಯಲು ಕೈ ಹಿಂದೆಗೆಯುತ್ತದೆ. ಮರುದಿನ ಬೆಳಿಗ್ಗೆ ಕೋಳಿಗಳಿಗೆ ಕಾಳು ಹಾಕುವ ನೆಪದಲ್ಲಿ ಪ್ಲಾಟಿಗೆ ಬಂದೆ. ಕಾಳು ಹಾಕುವ ಮೊದಲು ಏಣಿ ಹಾಕಿದೆ. ಉಳಿದ ತಗಡಿನ ಮೇಲೆ, ಬರಿದಾದ ಪಟ್ಟಿಗಳ ಮೇಲೆ, ತಲೆ ಎತ್ತಿ ನಿಂತಿದ್ದ ಮೊಳೆಗಳನ್ನೆಲ್ಲ ತಲೆಮಟ ಹೊಡೆದೆ. ಹಾರಿಬಿದ್ದ ತಗಡಿನಲ್ಲಿ ಸಿಕ್ಕಿಕೊಂಡಿದ್ದ ಮೊಳೆಗಳನ್ನು ಕಿತ್ತು ಗೋಡೆಯಾಚೆ ಒಗೆದೆ. ಅಷ್ಟು ದಿನ ಹತ್ತಲಾಗದ ಏಣಿಯನ್ನು ಅಂದು ಹತ್ತಿದ್ದು ಇದಕ್ಕೆ. ಯಾರಾದರೂ ನೋಡಿಯಾರು ಎಂದು ಗೇಟಿನ ಕಡೆ ನೋಡುತ್ತಲೇ ಹೊಡೆದೆ. ಬಿರುಗಾಳಿಯಲ್ಲಿ ಹೆದರಿದ್ದಕ್ಕಿಂತ ಹೆಚ್ಚು ಅಂದು ಹೆದರಿದ್ದೆ.

ಸಂಜೆ ನಮ್ಮ ಮೇಸ್ತ್ರಿ ಸುದ್ದಿ ಕೇಳಿ ಬಂದ. ಗೂಡನ್ನು ಸುತ್ತು ಹಾಕಿ, ಏಣಿ ಹತ್ತಿ, ಪಟ್ಟಿಗಳ ಮೇಲೆ ಕೈಯಾಡಿಸಿದ.

"ಲೇ, ತಲಿಮಟ ಹೊಡದೀಯಲ್ಲೋ! ನನ್ನ ಕೈಯಾಗ ಕೆಲಸ ಕಲತವ ಒಬ್ಬನೂ ಹಿಂಗ ಹೊಡದಿದ್ದು ನಾ ನೋಡಿಲ್ಲ."

"ಅಕ್ಕ ಹೇಳಿದ್ಳರಿ."

"ಹಂಗಾದ್ರ ನಿನ್ನ ತಪ್ಪೇನಿಲ್ಲ ಬಿಡು. ದೇವರ ಗಾಳಿ."

ಆ ಮಾತನ್ನು ಅವನು ದವಾಖಾನೆಗೂ ಹೋಗಿ ಹೇಳಿದ. ಅಕ್ಕನಿಗೆ ಸಮಾಧಾನವಾಯಿತಂತೆ.

ಅವಳು ಮನೆಗೆ ಬಂದಾಗ ಕೋಳಿಗಳು ಬುಟ್ಟಿಗಳ ಕೆಳಗಿದ್ದವು. ಬಂದವಳೇ ಕೋಳಿಗಳನ್ನು ನೋಡಿದಳು, ಆಕಾಶ ನೋಡಿದಳು. ಮುಂಗಾರಿಗೆ ಇನ್ನೂ ದಿನಗಳಿದ್ದವು, ಬಿಸಿಲು ಮೊದಲಿನಂತೆಯೇ ಸುಡುತ್ತಿತ್ತು. ತಡ ಮಾಡಬೇಡ ಎಂದಳು.

"ಬ್ಯಾರೆಯವರನ್ನ ಕರಿಯಾದು ಬ್ಯಾಡ. ನೀನ ಕಟ್ಟು. ಹಿಂದ ಹ್ಯಾಂಗ ಕಟ್ಟಿದ್ದಿ, ಹಂಗ."

ಬಾಗಿದ ತಗಡುಗಳನ್ನು ತಟ್ಟಿ ನೇರ ಮಾಡಿ ಮೇಲೆ ಹತ್ತಿದೆ. ಅಕ್ಕ ಗೂಡಿನೊಳಗೆ ನಿಂತು, ಎಡಗೈಯಲ್ಲಿದ್ದ ಕೋಲಿನಿಂದ ತಗಡಿನ ಅಂಚನ್ನು ಎತ್ತಿ ಹಿಡಿದಿದ್ದಳು. ನಾನು ಮೊದಲ ಮೊಳೆ ಇಟ್ಟು ಹೊಡೆದೆ. ತಲೆಮಟ ಹೊಡೆಯಬೇಕೆಂದು ಮನಸ್ಸಿನಲ್ಲಿ ಹೇಳಿಕೊಂಡೇ ಹೊಡೆದೆ. ಕೈ ನಿಂತಾಗ ನೋಡಿದರೆ ಮೊಳೆಯ ತಲೆ ಬೆರಳಿನ ದಪ್ಪದಷ್ಟು ಹೊರಗಿತ್ತು. ಕೆಳಗೆ ಬರಿದಾದ ಪಟ್ಟಿಗಳ ನಡುವೆ ಅಕ್ಕನ ನೆತ್ತಿ ಕಾಣುತ್ತಿತ್ತು. ಮತ್ತೊಂದು ಏಟು ಹಾಕಲು ಆಗಲಿಲ್ಲ. ಇಳಿದುಬಂದೆ.

"ಯಾಕೋ? ಬಿಸಲೇನು?"

"ಅಕ್ಕಾ, ಆವತ್ತ ನಾ ಪೂರಾ ಹೊಡದಿದ್ದಿಲ್ಲ."

"ಏನು?"

"ಮೊಳಿ. ಒಂದೂ ಪೂರಾ ಹೊಡದಿದ್ದಿಲ್ಲ. ಸೆಂಟ್ರಿಂಗಿಗೆ ಹೊಡದಂಗ ಹೊಡದಿದ್ದೆ. ನೀ ದವಾಖಾನ್ಯಾಗ ಇದ್ದಾಗ ಬಂದು ಉಳಿದದ್ದು ತಲಿಮಟ ಹೊಡದೆ. ಮೇಸ್ತ್ರಿ ನೋಡಿದ್ದು ಅದನ್ನ."

ಅವಳು ಕೋಲನ್ನು ಕೆಳಗಿಟ್ಟಳು. ಬಯ್ಯಲಿಲ್ಲ. ಬಯ್ಯುತ್ತಾಳೆಂದು, ಬಯ್ಯಲಿ ಎಂದು, ಕಾದು ನಿಂತಿದ್ದೆ. ತನ್ನ ಬಲಗೈಯನ್ನು ನೋಡಿ ಕೇಳಿದಳು:

"ನಾ ನಿನ್ನ ಕರದ್ನಲ್ಲ, ಇಲ್ಲಿ ಬಾ ಅಂತ. ಆಗ ನಿನಗ ಇದು ಹಾರತೈತಿ ಅಂತ ಗೊತ್ತಿತ್ತೇನು?"

ಮೊಳೆಯ ವಿಷಯ ಹೇಳಿದ್ದು ಸುಲಭ ಎಂದು ಆಗ ತಿಳಿಯಿತು.

"ಹೂಂ."

"ಬಾಗಿಲಾ ಹಾಕೊಂಡಿ."

"ಹೂಂ."

ಅವಳು ಕೋಳಿಗಳಿಗೆ ನೀರಿಡಲು ಹೋದಳು. ಬಲಗೈಯಲ್ಲಿ ಕೊಡದ ಕೊರಳು ಹಿಡಿಯಲು ಹೋಗಿ ಜಾರಿಸಿದಳು. ನಾನು ಹತ್ತಿರ ಹೋದೆ. 'ಆಚಿ ಸರಿ' ಎಂದಳು. ನಾನು ಸರಿದೆ.

ಆಮೇಲೆ ಅವಳು ಅಡುಗೆ ಮಾಡಿದಳು, ಬಡಿಸಿದಳು. ಮಾತು ಮಾತ್ರ ಕೆಲಸಕ್ಕೆ ಬೇಕಾದಷ್ಟೇ. ನನಗೆ ಎರಡು ಹೆದರಿಕೆ. ಇವಳು ಊರಿಗೆ ಹೋಗುತ್ತೇನೆ ಎಂದರೆ? ಊರಿನಲ್ಲಿ ಯಾರಿದ್ದಾರೆ? ಇಲ್ಲೇ ಇದ್ದು ಎಂದೂ ಮಾತಾಡದಿದ್ದರೆ? ಊಟದ ತಟ್ಟೆ ನನ್ನ ಮುಂದಿಟ್ಟು ಅವಳು ಆಚೆ ತಿರುಗಿ ಕೂರುತ್ತಿದ್ದಳು.

ಒಂದು ಬೆಳಿಗ್ಗೆ ಕಾಲೊನಿಯ ಕಡೆಯಿಂದ ತಗಡಿನ ಶೆಡ್ಡು ಹಾಕುವ ಒಬ್ಬ ತೆಲುಗಿನವನನ್ನು ಕರೆದುಕೊಂಡು ಬಂದಳು. ಬಾಯಿಯಲ್ಲಿ ಗುಟ್ಕಾ, ಸೊಂಟಕ್ಕೆ ಬೋಲ್ಟುಗಳ ಚೀಲ. ನಾನಿರುವಾಗಲೇ ಬೇರೆಯವನನ್ನು ಕರೆತಂದಿದ್ದಳು. ಅವನು ಪಟ್ಟಿಯನ್ನು ತಬ್ಬಿ ಹಿಡಿಯುವ ಕೊಕ್ಕೆ ಬೋಲ್ಟುಗಳನ್ನು ತಗಡಿನ ಮೇಲೆ ತಂದು, ರಬ್ಬರು ಇಟ್ಟು, ನಟ್ಟು ಬಿಗಿಯತೊಡಗಿದ. ನಾನು ದೂರ ನಿಂತು ನೋಡುತ್ತಿದ್ದೆ.

ಅಕ್ಕ ನನ್ನ ಕಡೆ ನೋಡದೆ ಹೇಳಿದಳು, "ಏಣಿ ಹಿಡಿ. ಅಷ್ಟಾದ್ರೂ ಮಾಡು."

ಹಿಡಿದೆ. ಮೇಲಿದ್ದವನು ಹಗ್ಗ ಜಗ್ಗಿದ ಹಾಗೆ ತಗಡನ್ನು ಜಗ್ಗಿ ನೋಡಿ, ಕೆಳಗಿದ್ದ ಅಕ್ಕನಿಗೆ ನಗುತ್ತಾ, "ಏಮೀ ಕಾದಮ್ಮಾ" ಎಂದ. ಏನೂ ಆಗುವುದಿಲ್ಲ ಎಂದು. ಅಕ್ಕ ನಗಲಿಲ್ಲ. ತಾನೇ ಏಣಿ ಹತ್ತುತ್ತೇನೆ ಎಂದಳು. ಅವನು ಬೇಡವೆಂದರೂ ಒಂದೇ ಕೈಯಲ್ಲಿ ಹಿಡಿದುಕೊಂಡು ಹತ್ತಿದಳು. ನಾನು ಕೆಳಗೆ ಏಣಿಯನ್ನು ಎದೆಗೆ ಒತ್ತಿ ಹಿಡಿದು ನಿಂತೆ. ಅವಳು ಒಂದೊಂದು ನಟ್ಟನ್ನೂ ಬೆರಳಿನಿಂದ ತಿರುಗಿಸಲು ನೋಡಿದಳು. ಎಲ್ಲವನ್ನೂ ಮುಟ್ಟಿಯೇ ಇಳಿದಳು. ಮೊದಲ ಸಲ ಹಾಗೆ ನೋಡಿರಲಿಲ್ಲ. ಆಗ ನನ್ನ ಮಾತು ಸಾಕಾಗಿತ್ತು.

ಮುಂಗಾರಿಗೆ ಮೊದಲು ಮತ್ತೊಂದು ಗಾಳಿ ಬಂತು. ಹಾಗೇ ಮಧ್ಯಾಹ್ನ, ಹಾಗೇ ಮಣ್ಣು. ಅಕ್ಕ ಕೋಳಿಗಳನ್ನು ಒಳಗೆ ಹೊಡೆದು ತಾನೂ ಒಳಗೆ ಹೋದಳು. ಈ ಸಲ ನನ್ನನ್ನು ಕರೆಯಲಿಲ್ಲ. ನಾನು ಕೋಣೆಯ ಹೊಸ್ತಿಲಲ್ಲಿ ಸ್ವಲ್ಪ ಹೊತ್ತು ಕಾದೆ, ಕರೆದಾಳು ಎಂದು. ಕರೆಯಲಿಲ್ಲ. ಮಿಂಚು ಹೊಡೆಯಿತು. ಕಾಲು ಮುಂದೆ ಬರಲಿಲ್ಲ. ಆಮೇಲೆ ಹೇಗೆ ಓಡಿದೆನೋ ಗೊತ್ತಿಲ್ಲ. ಜಾಳಿಗೆಯ ಬಾಗಿಲು ಹಿಡಿದು ನಿಂತಿದ್ದೆ. ಅಕ್ಕ ಒಳಗಿನ ಚಿಲಕ ತೆಗೆದಳು. ತನ್ನ ಜಾಗಕ್ಕೆ ಹೋಗಿ ಕೂತಳು.

ನಾನು ಎದುರು ಮೂಲೆಯಲ್ಲಿ ಕುಕ್ಕರುಗಾಲಿನಲ್ಲಿ ಕೂತೆ. ಗಾಳಿ ನಮ್ಮ ಮೈಯ ಮೇಲೆ ಹಾದುಹೋಗುತ್ತಿತ್ತು. ಕಂಬಗಳು ನರಳುತ್ತಿದ್ದವು. ನನ್ನ ಕಣ್ಣು ಚಾವಣಿಯ ಮೇಲೆ ನೆಟ್ಟಿತ್ತು, ಕೀಳಲು ಆಗಲಿಲ್ಲ. ಅಕ್ಕ ಎಡಗೈಯಲ್ಲಿ ಒಂದು ಹೇಂಟೆ ಹಿಡಿದಿದ್ದಳು. ಇನ್ನೊಂದು ಅವಳ ಬಲಗೈಯಿಂದ ಜಾರಿ ಜಾರಿ ಹೋಗುತ್ತಿತ್ತು. ಆ ಬೆರಳುಗಳು ಮಡಚುವುದಿಲ್ಲ. ಅವಳು ಅದನ್ನು ಮೊಣಕೈಯಿಂದ ನನ್ನ ಕಡೆ ತಳ್ಳಿದಳು.

"ಇದನ್ನ ಹಿಡಿ."

ಹಿಡಿದೆ. ಉಗುರು ನನ್ನ ಅಂಗೈಗೆ ನೆಟ್ಟಿತು. ಮೇಲೆ ತಗಡು ಗುಡುಗಿನಂತೆ ಗದ್ದರಿಸಿತು. ನಾನು ಕತ್ತು ಎತ್ತಿದೆ.

"ಮ್ಯಾಲ ಏನ್ ನೋಡತಿ?" ಎಂದಳು ಅಕ್ಕ. "ಅದು ನೀ ಹೊಡದದ್ದಲ್ಲ. ಕೋಳಿ ನೋಡು."

ಆದರೂ ಗಾಳಿ ನಿಲ್ಲುವವರೆಗೆ ನಾನು ಮೇಲೆಯೇ ನೋಡುತ್ತಿದ್ದೆ.